ನಮ್ಮ ಬೀದಿಯವರು ಬಂದಾಗ ಮಾತ್ರ ನಿದ್ದೆ ಹೋಗುವ ಪ್ರೊಸೆಸರ್ ಮಹಾಶಯರಿಗೆ

ಮಾನ್ಯರೇ,

ತೊಗರಿಕಟ್ಟೆ ಹಾಲು ಉತ್ಪಾದಕರ ಸಂಘದ ಕಂಪ್ಯೂಟರಿನ ಹೊಟ್ಟೆಯೊಳಗೆ, ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ, ನೆತ್ತಿಯ ಮೇಲೆ ಸ್ವಂತಕ್ಕೊಂದು ಫ್ಯಾನು ತಿರುಗಿಸಿಕೊಂಡು ವಿರಾಜಮಾನರಾಗಿರುವ ತಮ್ಮ ಸನ್ನಿಧಾನಕ್ಕೆ, ಆ ಫ್ಯಾನಿನ ಗಾಳಿ ಒಂದು ದಿನವೂ ಸೋಕದ, ಹೊರಗೆ ಹೊಂಗೆ ಮರದಡಿ ಹಾಲಿನ ಕ್ಯಾನು ಹಿಡಿದು ನಿಲ್ಲುವ ಸದಸ್ಯರ ಪರವಾಗಿ ಅನಂತ ನಮಸ್ಕಾರಗಳು. ತಮ್ಮ ಉಷ್ಣಾಂಶ ಹಿತವಾಗಿದೆಯೆಂದು ನಂಬಿದ್ದೇವೆ. ನಮ್ಮದು ಏರಿದೆ, ಅದಕ್ಕೇ ಈ ಪತ್ರ.

ಇದನ್ನು ಖಾಸಗಿಯಾಗಿ ಬರೆಯದೆ ಊರಿಗೆಲ್ಲ ಕಾಣುವಂತೆ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ತಮ್ಮ ಮೇಲಿನ ದೂರನ್ನು ಮೇಲಿನ ಕಚೇರಿಗೆ ಆನ್‌ಲೈನಿನಲ್ಲೇ ಕೊಡಬೇಕೆಂದು ನಮಗೆ ಹೇಳಲಾಯಿತು. ಅಂದರೆ ಆ ದೂರು ತಮ್ಮ ಕೈಯಿಂದಲೇ ನೆಟ್‌ವರ್ಕ್ ಕಾರ್ಡಿಗೆ ಹೋಗಿ, ಅಲ್ಲಿಂದ ತಂತಿ ಹಿಡಿದು ಹಾಸನ ಸೇರಬೇಕು. ಕಳ್ಳನ ಕೈಗೇ ಕಳವಿನ ದೂರು ಕೊಟ್ಟು ಠಾಣೆಗೆ ಮುಟ್ಟಿಸಪ್ಪಾ ಅನ್ನುವಷ್ಟು ಒಳ್ಳೆಯತನ ನಮ್ಮಲ್ಲಿ ಉಳಿದಿಲ್ಲ.

ತಾವು ಬರುವ ಮೊದಲು ನಮ್ಮ ಕಾರ್ಯದರ್ಶಿ ಸತೀಶ್ ಹಾಲು ಅಳೆದು, ಕೈಯಲ್ಲಿ ಬರೆದುಕೊಂಡು, ಕ್ಯಾನಿಗೆ ಸುರಿಯುತ್ತಿದ್ದರು. ತಪ್ಪು ಮಾಡಿದರೆ ಎದುರಿಗೆ ನಿಂತು ಜಗಳ ಆಡಬಹುದಿತ್ತು, ಅವರೂ ಬೈದು ತಿದ್ದುತ್ತಿದ್ದರು. ತಾವು ಬಂದ ಮೇಲೆ ಜಗಳಕ್ಕೆ ಮುಖವೇ ಇಲ್ಲವಾಯಿತು. ಸದಸ್ಯರ ನಂಬರು ಒತ್ತಬೇಕು, ಅದು ಮೇಲಿನ ಕಚೇರಿಗೆ ಹೋಗಿ 'ಸರಿ' ಅನ್ನಿಸಿಕೊಂಡು ಬರಬೇಕು, ಆಮೇಲಷ್ಟೇ ಹಾಲು ಸುರಿಯಬೇಕು. ಪರದೆ 'ಸರಿ' ಅನ್ನದಿದ್ದರೆ ಕರೆದ ಹಾಲು ಹಾಲಲ್ಲ, ತಂದವರು ಸದಸ್ಯರಲ್ಲ, ಆ ದಿನ ದಿನವೂ ಅಲ್ಲ. ಅಷ್ಟು ಹೊತ್ತಿಗೆ ಹಾಲಿನ ಗಾಡಿ ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತದೆ, ಉಳಿದದ್ದನ್ನು ಮನೆಗೆ ಹೊತ್ತೊಯ್ದು ಹೆಪ್ಪು ಹಾಕಬೇಕು.

ಇನ್ನು ನಮ್ಮೂರಿನ ಒಂದು ಪದ್ಧತಿ. ಇದು ಸಂಘದ ಯಾವ ಬೈಲಾದಲ್ಲೂ ಇಲ್ಲ, ಯಾರೂ ಬಾಯಿಬಿಟ್ಟು ಹೇಳುವುದೂ ಇಲ್ಲ, ಆದರೆ ಎಲ್ಲರೂ ಚಾಚೂ ತಪ್ಪದೆ ಪಾಲಿಸುತ್ತಾರೆ. ಮೊದಲು ಮೇಲಿನ ಬೀದಿಯವರು ಹಾಲು ಹಾಕುತ್ತಾರೆ. ಅವರದ್ದು ಮುಗಿದ ಮೇಲೆ ಸತೀಶ್ ನೆಲಕ್ಕೆ ನೀರು ಹಾಕಿ, ಎದುರಿನ ಅಂಗಡಿಗೆ ಹೋಗಿ ಟೀ ಕುಡಿದು, ನಿಧಾನಕ್ಕೆ ಬಂದು ಕೂರುತ್ತಾರೆ. ಅನಂತರ ಕಾಲೋನಿಯವರು, ಅಂದರೆ ನಾವು, ಹೊಂಗೆ ಮರದಡಿಯಿಂದ ಎದ್ದು ಬರುತ್ತೇವೆ. ನಮ್ಮ ಹಾಲೂ ಅದೇ ಕ್ಯಾನಿಗೆ ಬೀಳುತ್ತದೆ, ಅದೇ ಗಾಡಿ ಹತ್ತುತ್ತದೆ, ಅದೇ ಪ್ಯಾಕೆಟ್ಟಾಗಿ ಅದೇ ಮೇಲಿನ ಬೀದಿಯ ನೆಂಟರ ಮನೆಯ ಕಾಫಿಗೆ ಸೇರುತ್ತದೆ. ಹಾಲು ಬೆರೆತರೆ ಮೈಲಿಗೆಯಿಲ್ಲ, ಹಾಲು ಹಾಕುವವರು ಬೆರೆತರೆ ಮಾತ್ರ ಆಕಾಶ ಕಳಚಿ ಬೀಳುತ್ತದೆ. ಈ ಶಾಸ್ತ್ರದ ತರ್ಕ ನಮಗೆ ಇದುವರೆಗೂ ಅರ್ಥವಾಗಿಲ್ಲ. ತಮ್ಮಂಥ ಲೆಕ್ಕದ ಯಂತ್ರಕ್ಕೆ ಆಗಿದ್ದರೆ ತಿಳಿಸಬೇಕು.

ಆದರೂ ತಾವು ಬಂದ ದಿನ ನಾವು ಸಂತೋಷಪಟ್ಟೆವು ಸ್ವಾಮಿ. ಯಂತ್ರಕ್ಕೆ ಜಾತಿ ಇರುವುದಿಲ್ಲ, ಒತ್ತಿದ ನಂಬರು ಯಾವ ಬೀದಿಯದೆಂದು ಅದು ಕೇಳುವುದಿಲ್ಲ ಎಂದು ನಾನೇ ನಮ್ಮ ಬೀದಿಯಲ್ಲಿ ಭಾಷಣ ಮಾಡಿದ್ದೆ. ತಾವು ನನ್ನ ಭಾಷಣಕ್ಕೆ ಎಂಥ ಉತ್ತರ ಕೊಟ್ಟಿರಿ! ಮೇಲಿನ ಬೀದಿಯವರು ಬಂದಾಗ ಪಟಪಟನೆ 'ಸರಿ, ಸರಿ, ಸರಿ.' ನಾವು ಬಂದು ನಿಂತ ಕೂಡಲೇ 'ನೆಟ್‌ವರ್ಕ್ ಕಾರ್ಡ್ ಸಿದ್ಧವಾಗಿಲ್ಲ.' ದಿನ ಬಿಟ್ಟು ದಿನ ಇದೇ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೆ ತಾವು ಏಳುತ್ತಿದ್ದಿರಿ, ನಿಜ. ಆದರೆ ಕಲ್ಯಾಣಿ ಕಟ್ಟಿದಷ್ಟು ಹೊತ್ತು ತೆಗೆದುಕೊಂಡು ಏಳುತ್ತಿದ್ದಿರಿ, ಅಷ್ಟರಲ್ಲಿ ಗಾಡಿ ಹಳೇಬೀಡಿನ ದಾರಿ ಹಿಡಿದಿರುತ್ತಿತ್ತು. ಈ ಊರಲ್ಲೇ ಹುಟ್ಟಿದವರು ತಲೆಮಾರುಗಟ್ಟಲೆ ಅಭ್ಯಾಸ ಮಾಡಿ ಕಲಿತದ್ದನ್ನು ಎಲ್ಲಿಂದಲೋ ಪೆಟ್ಟಿಗೆಯಲ್ಲಿ ಬಂದ ತಾವು ಬಂದ ವಾರದಲ್ಲೇ ಕಲಿತುಬಿಟ್ಟಿರಿ. ತಮ್ಮ ಗ್ರಹಣಶಕ್ತಿಗೆ ಉಘೇ ಉಘೇ.

ಇದರಿಂದ ಹೋದದ್ದೇನು, ಒಂದಿಷ್ಟು ಹಾಲು ಮೊಸರಾಯಿತು ಅಷ್ಟೇ ತಾನೆ ಎಂದು ತಾವು ಕೇಳಬಹುದು. ನಮ್ಮ ಬೀದಿಯ ಮುದ್ದಮ್ಮನವರ ಪರಿಚಯ ತಮಗೆ ಬರೀ ನಂಬರಾಗಿ ಇದೆ. ಅವರದ್ದು ಒಂದೇ ಸೀಮೆಹಸು ಇತ್ತು. ಅದು ಕರು ಹಾಕಲಾರದೆ ಒದ್ದಾಡಿದ ದಿನ ಸಂಘದ ಡಾಕ್ಟರು ಮೇಲಿನ ಬೀದಿಯವರೆಗೆ ಬಂದಿದ್ದರು. ಅಲ್ಲೊಂದು ಎಮ್ಮೆಗೆ ಜ್ವರ ನೋಡಿ, ಕಾಫಿ ಕುಡಿದು, "ಆ ಕಡೆ ಗಾಡಿ ಹೋಗಲ್ಲ ಕಣಮ್ಮ" ಎಂದು ತಿರುಗಿಹೋದರು. ಹಸು ಸತ್ತಿತು, ಕರುವೂ ಸತ್ತಿತು. ಇನ್ನೊಂದು ಹಸು ಕಟ್ಟಿದ ಮುದ್ದಮ್ಮನವರು ಅವತ್ತಿನಿಂದ ಹೇಳುತ್ತ ಬಂದದ್ದು ಒಂದೇ ಮಾತು: "ನಾನು ಎಲೆಕ್ಷನ್‌ಗೆ ನಿಂತ್ಕತೀನಿ. ಸಂಘದ ಬೋರ್ಡಿನಾಗೆ ಕುಂತು ಡಾಕ್ಟ್ರನ್ನ ನಮ್ಮ ಬೀದಿಗೆ ಕರುಸ್ತೀನಿ. ಗಾಡಿ ಓಗ್ದಿದ್ರೆ ನಡ್ಕೊಂಡ್ ಬರ್ಲಿ, ಅವ್ನಿಗೇನ್ ಕಾಲಿಲ್ವಾ?"

ನಿಲ್ಲಬೇಕೆಂದರೆ ನಿಯಮವಿದೆ. ವರ್ಷದಲ್ಲಿ ಇಷ್ಟು ದಿನವಾದರೂ ಹಾಲು ಹಾಕಿದವರಿಗೆ ಮಾತ್ರ ಓಟು, ಓಟಿದ್ದವರು ಮಾತ್ರ ಅಭ್ಯರ್ಥಿ. ತಾವು ಆಕಳಿಸಿದ ಒಂದೊಂದು ಬೆಳಿಗ್ಗೆಯೂ ಮುದ್ದಮ್ಮನವರ ಲೆಕ್ಕದಲ್ಲಿ ಹಾಲು ಹಾಕದ ದಿನವಾಗಿ ಬಿತ್ತು. ತಾವು ಮೊಸರು ಮಾಡಿದ್ದು ಹಾಲನ್ನಲ್ಲ ಮಹಾಶಯರೇ, ಒಬ್ಬ ಹೆಣ್ಣುಮಗಳ ಓಟನ್ನು.

ನಾವು ಸುಮ್ಮನೆ ಕೂರಲಿಲ್ಲ, ದೂರಿದೆವು. ಅದರ ಫಲವಾಗಿ ತಮ್ಮ ಚಿಕಿತ್ಸೆಗೆಂದು ಬಂದ ತಜ್ಞರ ಮೆರವಣಿಗೆಯನ್ನು ತಾವೇ ಕಂಡಿದ್ದೀರಿ. ಅರಸೀಕೆರೆಯಿಂದ ಬಂದವರೊಬ್ಬರು ಇಲಿ ಕಡಿದಿರಬೇಕೆಂದು ತಂತಿ ಬದಲಿಸಿದರು. ಅವರ ಹಿಂದೆ ಬಂದವರು ಅರ್ತಿಂಗ್ ಸರಿಯಿಲ್ಲವೆಂದು ಗುಂಡಿಗೆ ಉಪ್ಪುನೀರು ಹುಯ್ಯಿಸಿದರು. ಮತ್ತೊಬ್ಬರು ಹಳೆಯ ನೆಟ್‌ವರ್ಕ್ ಕಾರ್ಡನ್ನೇ ಕಿತ್ತು ಹೊಸದನ್ನು ಕೂರಿಸಿದರು. ಪಾಪ ಹೊಸ ಕಾರ್ಡು, ಹೊಸ ಸೊಸೆಯ ಹಾಗೆ ಒಂದು ದಿನ ಚುರುಕಾಗಿದ್ದು, ಮರುದಿನ ಮನೆಯ ರೀತಿ ಅರಿತು ತಾನೂ ಮಲಗಿತು. ಈ ತಜ್ಞರೆಲ್ಲ ಬರುತ್ತಿದ್ದದ್ದು ಬಿಸಿಲೇರಿದ ಮೇಲೆ. ಬಂದವರೇ ಅದನ್ನೊತ್ತಿ ಇದನ್ನೊತ್ತಿ ತಮಗೆ ಬಿಡುವು ಕೊಡುತ್ತಿರಲಿಲ್ಲವಾದ್ದರಿಂದ, ಸಾಹೇಬರ ಜೀಪು ಕಂಡ ಕೂಡಲೇ ಫೈಲು ಓಡಾಡಿಸುವ ಗುಮಾಸ್ತರಂತೆ ತಾವು ಮಿಂಚುತ್ತಿದ್ದಿರಿ. "ಚೆನ್ನಾಗೇ ಇದೆಯಲ್ರೀ" ಎಂದು ಅವರು ಹೊರಟುಬಿಡುತ್ತಿದ್ದರು.

ಕೊನೆಗೆ ಸಂಘದ ಅಧ್ಯಕ್ಷರಾದ ಚನ್ನಪ್ಪನವರು ತೆಂಗಿನ ತೋಟದಿಂದ ಎದ್ದು ಬಂದು, ತಂತಿ ನೋಡದೆ, ಕಾರ್ಡು ನೋಡದೆ, ನಮ್ಮ ಸಾಲನ್ನು ನೋಡಿ ರೋಗ ಪತ್ತೆ ಮಾಡಿದರು. "ಅಲ್ಲ ಕಣ್ಲಾ ಸತೀಶ, ನಮ್ಮೋರು ಹಾಕಾಗ ಚೆಂದಾಗೇ ಐತೆ. ಆ ಬೀದಿಯೋರು ಬಂದ್ರೇನೇ ಓಯ್ತದೆ ಅಂದ್ರೆ ಏನರ್ಥ? ಅವ್ರ ಕಾಲ್ಗುಣ." ಮರುದಿನ ತಮ್ಮ ಪರದೆಯ ಮೂಲೆಗೆ ನಿಂಬೆಹಣ್ಣು, ಮೆಣಸಿನಕಾಯಿ ನೇತಾಡಿದವು. ನಮ್ಮ ದೃಷ್ಟಿ ತಮಗೆ ತಾಗದಿರಲೆಂದು! ಮುದ್ದಮ್ಮನವರು ಆ ಮೆಣಸಿನಕಾಯಿಯನ್ನು ಮುಟ್ಟಿ ನೋಡಿ, "ಬ್ಯಾಡಗಿದಾ? ಸಾರಿಗಾಯ್ತಿತ್ತು" ಅಂದರು. ನಾವು ನಕ್ಕೆವು. ಅವರು ನಗಲಿಲ್ಲ.

ಸತ್ಯ ಹೊರಬಿದ್ದದ್ದು ಯಾರ ಜಾಣತನದಿಂದಲೂ ಅಲ್ಲ. ಬೇಲೂರಿನ ಎಂಜಿನಿಯರ್ ಮನು ಎಂಬವರಿಗೆ ಹಗಲು ಬಾಣಾವರದಲ್ಲಿ ಬೇರೆ ಕೆಲಸ ಇದ್ದುದರಿಂದ, ನಮ್ಮದನ್ನು ಬೇಗ ಮುಗಿಸಿಕೊಳ್ಳೋಣವೆಂದು ಅವರು ಹಾಲು ಹಾಕುವ ಹೊತ್ತಿಗೇ ಬಂದು ಮೂಲೆಯಲ್ಲಿ ಕೂತರು. ಮೇಲಿನ ಬೀದಿಯ ಸಾಲು ಸಾಗಿತು. ಸತೀಶ್ ಟೀಗೆ ಹೋದರು. ಮನು ತಮ್ಮ ಪರದೆಯನ್ನು ನೋಡುತ್ತಲೇ ಇದ್ದರು. ನಾವು ಎದ್ದು ಬಂದೆವು, ತಾವು ಎಂದಿನಂತೆ ಕೈಯೆತ್ತಿದಿರಿ. ಆಗ ಆತ ನಕ್ಕುಬಿಟ್ಟರು.

"ಕಾರ್ಡಲ್ಲೇನೂ ಇಲ್ಲ ಸತೀಶಣ್ಣ, ಇದು ಪ್ರೊಸೆಸರ್ ಕಿತಾಪತಿ. ಕೆಲ್ಸ ಇಲ್ಲಾಂದ್ರೆ ಕರೆಂಟ್ ಉಳಿಸೋಕೆ ಅಂತ ಇದು ತನ್ನ ಸ್ಪೀಡ್ ಇಳಿಸ್ಕೊಂಡ್ಬಿಡುತ್ತೆ. ಕಾರ್ಡೂ ಮಲಗುತ್ತೆ. ಆಮೇಲೆ ನೀವು ನಂಬರ್ ಒತ್ತಿದಾಗ ಕಾರ್ಡ್ ಎದ್ದು 'ಯಾರಾದ್ರೂ ಇದೀರಾ' ಅಂತ ಕೇಳುತ್ತೆ. ಪ್ರೊಸೆಸರ್ ಇನ್ನೂ ಆಕಳಿಸ್ತಾ ಇರುತ್ತೆ, ಟೈಮಿಗೆ ಓ ಅನ್ನಲ್ಲ. ಕಾರ್ಡು ಒಂಚೂರು ಕಾದು, ಎರರ್ ಹೊಡೆದು, ಮತ್ತೆ ಮಲಗುತ್ತೆ."

"ಅಂಗಾರೆ ಈಗೇನ್ ಮಾಡಾದು?" ಸತೀಶ್ ಕೇಳಿದರು.

"ಪವರ್ ಸೆಟ್ಟಿಂಗ್ ಬದಲಾಯಿಸ್ಬೇಕು, ಪಾಸ್‌ವರ್ಡ್ ಮೇಲಿನ ಆಫೀಸಲ್ಲಿರುತ್ತೆ. ಅಲ್ಲೀವರ್ಗೂ ಲೈನ್ ಮಧ್ಯ ಗ್ಯಾಪ್ ಬಿಡ್ಬೇಡಿ. ಎಲ್ರೂ ಒಟ್ಟಿಗೆ ನಿಂತು ಹಾಕ್ಬಿಡ್ಲಿ, ಅಷ್ಟೇ."

ಅಷ್ಟೇ ಅಂತೆ! ನಾವು ಎಷ್ಟೋ ವರ್ಷ ತಮಟೆ ಬಡಿದು, ಗೋಡೆಗೆ ಬರೆದು, ಬೇಲೂರಿನ ತಾಲ್ಲೂಕು ಕಚೇರಿಯೆದುರು ಬಿಸಿಲಲ್ಲಿ ಕೂತು ಹೇಳಿದ ಮಾತನ್ನು ಆತ ಬಿಸ್ಕತ್ತು ಕಚ್ಚುತ್ತ ಹೇಳಿ, ಬ್ಯಾಗು ಹೆಗಲಿಗೇರಿಸಿ, ಬಾಣಾವರದ ಬಸ್ಸು ಹತ್ತಿದರು. ತನ್ನ ಬಾಯಿಂದ ಬಂದದ್ದು ಎಂಥ ಮಾತೆಂಬುದು ಆತನಿಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಮುದ್ದಮ್ಮನವರು ಹೊಂಗೆ ಮರದಡಿ ಕೂರಲಿಲ್ಲ. ನೆಟ್ಟಗೆ ಬಂದು, ಮೇಲಿನ ಬೀದಿಯ ಬೋರಮ್ಮನವರ ಬೆನ್ನಿಗೆ ಕ್ಯಾನು ಇಟ್ಟು ನಿಂತರು. ಬೋರಮ್ಮನವರು ರಾಗಿ ಹೊಲ, ಕೊಟ್ಟಿಗೆ ಎರಡನ್ನೂ ಒಂಟಿಯಾಗಿ ತೂಗಿಸುವ ಹೆಂಗಸು, ಬಾಯಿ ಜೋರು.

"ಏನೇ ಮುದ್ದಿ, ಹೊತ್ತು ಮೂಡಕ್ ಮುಂಚೆ ದಾರಿ ತಪ್ಪಿ ಬಂದಿದ್ಯಾ?"

"ಗ್ಯಾಪು ಮುಚ್ಚಾಕೆ ಬಂದೆ ಕಣಕ್ಕ. ಎಂಜಿನೇರ್ ಏಳವ್ನೆ."

ಮೂರ್ನಾಲ್ಕು ಜನ ಸಾಲು ಬಿಟ್ಟು ಪಕ್ಕಕ್ಕೆ ಸರಿದರು. ಬೋರಮ್ಮನವರೂ ಒಂದು ಹೆಜ್ಜೆ ಸರಿಯಲು ಕಾಲೆತ್ತಿದ್ದನ್ನು ನಾವೆಲ್ಲ ನೋಡಿದೆವು. ಅದೇನನ್ನಿಸಿತೋ, ಎತ್ತಿದ ಕಾಲನ್ನು ಇದ್ದಲ್ಲೇ ಇಟ್ಟು, "ನಿಂತ್ಕಳದಾದ್ರೆ ಸರ್‍ಯಾಗ್ ನಿಂತ್ಕ. ನನ್ ಸೀರೆ ಮ್ಯಾಲೆ ಚೆಲ್ಲೀಯ ಮತ್ತೆ" ಅಂದರು. ಆಮೇಲೆ ನಮ್ಮ ಬೀದಿಯ ಒಬ್ಬೊಬ್ಬರೇ ಸಾಲಿಗೆ ಹೊಕ್ಕರು. ಹಳೇಬೀಡಿನ ಗುಡಿಯ ತಳದಲ್ಲಿ ಕಲ್ಲಿನ ಆನೆಗಳು ಒಂದರ ಬಾಲಕ್ಕೊಂದು ಸೊಂಡಿಲು ತಾಗಿಸಿ ನಿಂತಿಲ್ಲವೇ, ಹಾಗೆ. ಆ ಆನೆಗಳನ್ನು ಯಾವ ಬೀದಿಯವೆಂದು ಯಾರೂ ಕೇಳುವುದಿಲ್ಲ, ಟಿಕೆಟ್ ಇಲ್ಲದೆ ನೋಡಿ ಫೋಟೋ ತೆಗೆದುಕೊಳ್ಳುತ್ತಾರೆ. ಅವತ್ತು ತಾವು ಒಂದು ಸಲವೂ ಆಕಳಿಸಲಿಲ್ಲ. ಕೊನೆಯ ಕ್ಯಾನಿನವರೆಗೂ 'ಸರಿ, ಸರಿ, ಸರಿ.' ನಾನು ಡೈರಿಯಲ್ಲಿ ನಿಂತು ಕಣ್ಣೊರೆಸಿಕೊಂಡ ಏಕೈಕ ದಿನ ಅದು. ತಮ್ಮಿಂದಾದ ಈ ಅವಮಾನವನ್ನೂ ದೂರಿನಲ್ಲಿ ಸೇರಿಸಿಕೊಳ್ಳಬೇಕು.

ಇನ್ನು ಮುಂದಿನದನ್ನು ಗಮನವಿಟ್ಟು ಓದಬೇಕಾಗಿ ಪ್ರಾರ್ಥನೆ, ಏಕೆಂದರೆ ಆಗ ತಾವು ಎಚ್ಚರವಿದ್ದಿರಿ. ಯುಗಾದಿಯಿಂದ ನಾವು ಬರೆದ ಅರ್ಜಿಗಳಿಗೆ ಅಲ್ಲಾಡದಿದ್ದ ಚನ್ನಪ್ಪನವರು, ಸಾಲು ಬೆರೆತದ್ದು ಕಿವಿಗೆ ಬಿದ್ದ ಗಳಿಗೆಯಲ್ಲೇ ಫೋನು ಎತ್ತಿದರು. ಪಾಸ್‌ವರ್ಡು ಮಧ್ಯಾಹ್ನದ ಊಟಕ್ಕೆ ಮೊದಲೇ ಬಂತು. ಸೆಟ್ಟಿಂಗು ಬದಲಾಯಿತು. ಸಂಜೆ ಸತೀಶ್ ನಮ್ಮ ಬೀದಿಗೇ ಬಂದು, ಯಾರ ಮುಖವನ್ನೂ ನೋಡದೆ, "ರಿಪೇರಿ ಆಯ್ತಂತೆ. ಇನ್ನೇನ್ ತೊಂದ್ರೆ ಇಲ್ಲ. ನಾಳೆಯಿಂದ ಎಲ್ರೂ ಅವರವ್ರ ಹೊತ್ಗೆ ಬರ್‍ಬೇಕಂತೆ" ಎಂದರು. ನೋಡಿದಿರಾ? ನಮ್ಮ ಹಾಲು ಕೆಟ್ಟಾಗ ಕೆಡದ ಯಂತ್ರ, ಅವರ ಪದ್ಧತಿ ಕೆಟ್ಟಾಗ ಕೆಟ್ಟಿತು. ಕೂಡಲೇ ರಿಪೇರಿಯೂ ಆಯಿತು. ತಮ್ಮ ಸ್ಪೀಡು ಇಳಿಸುವ ಸೆಟ್ಟಿಂಗು ಇರುವುದು ತಮ್ಮೊಳಗೆ ಎಂದು ಆ ಎಂಜಿನಿಯರ್ ತಪ್ಪು ತಿಳಿದಿದ್ದರು, ಅದು ಇದ್ದದ್ದು ಚನ್ನಪ್ಪನವರ ಫೋನಿನೊಳಗೆ.

ನಾವು ನಮ್ಮ ಹೊತ್ತಿಗೇ ಹೋದೆವು. ನಮ್ಮ ಹೊತ್ತು ಯಾವುದೆಂದು ಈಗ ನಾವು ನಿರ್ಧರಿಸಿದ್ದೆವು, ಅಷ್ಟೇ ವ್ಯತ್ಯಾಸ.

ಆಮೇಲೆ ಓಟಿನ ಪಟ್ಟಿ ಗೋಡೆಗೆ ಅಂಟಿಸಿದರು. ಮುದ್ದಮ್ಮನವರ ಹೆಸರಿಲ್ಲ, ನಮ್ಮ ಬೀದಿಯ ಮುಕ್ಕಾಲು ಹೆಸರುಗಳಿಲ್ಲ. ಕೇಳಿದ್ದಕ್ಕೆ ಚನ್ನಪ್ಪನವರು ಎರಡೂ ಕೈ ಮುಗಿದು, "ನಾನೇನ್ ಮಾಡ್ಲಿ ತಾಯಿ, ಕಂಪ್ಯೂಟ್ರು ಏಳಿದ್ದು. ಅದುಕ್ಕೆ ಜಾತಿ ಐತಾ?" ಅಂದರು. ನನ್ನದೇ ಭಾಷಣವನ್ನು ನನಗೇ ತಿರುಗಿಸಿ ಹೊಡೆದರು ಸ್ವಾಮಿ! ಆದರೆ ಒಂದು ಎಡವಟ್ಟಾಗಿತ್ತು. ಒಂಟಿಯಾಗಿ ಹಾಲು ಕರೆದು, ಎಷ್ಟೋ ದಿನ ಸತೀಶ್ ಟೀಗೆ ಹೋದ ಮೇಲೆ ತಡವಾಗಿ ಬರುತ್ತಿದ್ದ ಬೋರಮ್ಮನವರ ಹೆಸರೂ ಇರಲಿಲ್ಲ. ಅವರಂತೆಯೇ ಮೇಲಿನ ಬೀದಿಯ ಗಂಡನಿಲ್ಲದ, ಆಳಿಲ್ಲದ ಮನೆಗಳ ಹೆಂಗಸರು ಬಹಳ ಮಂದಿ ತಮ್ಮ ಆಕಳಿಕೆಯೊಳಗೆ ಬಿದ್ದಿದ್ದರು. ತಾವು ಮಾಡಿದ ಒಂದೇ ಒಂದು ನಿಷ್ಪಕ್ಷಪಾತ ಕೆಲಸವೆಂದರೆ ಇದು.

ಬೋರಮ್ಮನವರು ಪಟ್ಟಿಯ ಮುಂದೆ ಸೆರಗು ಸಿಕ್ಕಿಸಿ ನಿಂತರು. "ಚನ್ನಪ್ಪಣ್ಣ, ನಾನು ಹಾಕಿದ್ ಹಾಲು ಹಾಲಲ್ಲ ಅಂದ್ರೆ ನಾಳೆಯಿಂದ ನೀನೇ ಕರ್‍ಕಂಡು ನೀನೇ ಹಾಕ್ಕಪ್ಪ."

ಮರುದಿನ ಎರಡೂ ಬೀದಿಯ ಹೆಂಗಸರು ಡೈರಿಯ ಮುಂದೆ ಬರಿಗೈಯಲ್ಲಿ ಬಂದು ಕೂತರು. ಹಾಲನ್ನು ರಸ್ತೆಗೆ ಚೆಲ್ಲುವುದು ಬೇಡವೆಂದು ಮುದ್ದಮ್ಮನವರೇ ತಡೆದರು. ಕರೆದದ್ದನ್ನು ಅಂಗನವಾಡಿಗೂ ಬಾಣಂತಿ ಮನೆಗಳಿಗೂ ಹಂಚಲಾಯಿತು. ಹಾಲಿನ ಗಾಡಿ ಬಂತು, ಹಾರ್ನ್ ಹೊಡೆಯಿತು, ಚನ್ನಪ್ಪನವರ ಮನೆಯ ಕ್ಯಾನೊಂದನ್ನೇ ಹೊತ್ತು, ಲೊಟಲೊಟ ಸದ್ದು ಮಾಡುತ್ತ ಹೋಯಿತು. ಅದರ ಮರುದಿನವೂ ಹಾಗೇ. ಮೂರನೆಯ ದಿನ ಮೇಲಿನ ಕಚೇರಿಯವರು ಜೀಪಿನಲ್ಲಿ ಬಂದು, ಯಂತ್ರದ ದೋಷದಿಂದ ಕಳೆದ ದಿನಗಳನ್ನು ಸಭೆ ಒಪ್ಪಿದರೆ ಮನ್ನಾ ಮಾಡಬಹುದೆಂಬ ನಿಯಮ ಮೊದಲಿನಿಂದಲೂ ಇತ್ತೆಂದು ತಿಳಿಸಿದರು. ಮೊದಲಿನಿಂದಲೂ! ಹೊರೆ ಬಿದ್ದಾಗ ಮಾತ್ರ ಓಡುವ ವಿದ್ಯೆಯನ್ನು ಅವರು ತಮ್ಮಿಂದ ಕಲಿತರೋ, ತಾವು ಅವರಿಂದ ಕಲಿತಿರೋ, ಸಂಶೋಧಕರು ಹೇಳಲಿ. ಸಭೆ ಒಪ್ಪಿತು, ಹೆಸರು ಬಂತು, ಮುದ್ದಮ್ಮನವರು ನಿಂತರು. ಗೆದ್ದರು.

ಕಥೆ ಇಲ್ಲಿಗೆ ಮುಗಿದಿದ್ದರೆ ತಮಗೆ ಹೂವಿನ ಹಾರ ಹಾಕಿ ಸುಮ್ಮನಾಗುತ್ತಿದ್ದೆವು. ಆದರೆ ಮೊದಲ ಆಡಳಿತ ಮಂಡಳಿ ಸಭೆಯ ನೋಟಿಸು ಬಂದಿದೆ. ಸಂಘದ ಕೋಣೆಯಲ್ಲಿ ಒಂದೇ ಮೇಜಿನ ಸುತ್ತ ಕುರ್ಚಿ ಹಾಕಿ ನಡೆಯುತ್ತಿದ್ದ ಸಭೆ, ಮುದ್ದಮ್ಮನವರು ಕೂರುವ ಕಾಲಕ್ಕೆ ಸರಿಯಾಗಿ, 'ಆಧುನಿಕತೆಯ ದೃಷ್ಟಿಯಿಂದ' ಆನ್‌ಲೈನ್ ಆಗಿದೆ. ಚನ್ನಪ್ಪನವರೂ ಉಳಿದವರೂ ತಂತಮ್ಮ ಮನೆಯ ನಡುಮನೆಯಿಂದ ಮೊಬೈಲಿನಲ್ಲಿ ಕಾಣಿಸಿಕೊಳ್ಳುತ್ತಾರಂತೆ. ಮುದ್ದಮ್ಮನವರ ಹತ್ತಿರ ಅಂಥ ಮೊಬೈಲು ಇಲ್ಲದ್ದರಿಂದ ಅವರು ಸಂಘದ ಕೋಣೆಯಲ್ಲಿ ತಮ್ಮೆದುರು ಒಬ್ಬರೇ ಕೂರಬೇಕಂತೆ. ಜೊತೆಗೆ, ವಿದ್ಯುತ್ ಉಳಿತಾಯದ ಹಳೆಯ ಆದೇಶ ಮೊನ್ನೆ ಮತ್ತೆ ಜಾರಿಗೆ ಬಂದಿದೆ. ಇಡೀ ಜಿಲ್ಲೆಯಲ್ಲಿ ಉಳಿಸಬೇಕಾದ ಕರೆಂಟೆಲ್ಲ ತಮ್ಮ ತಲೆಯೊಳಗೇ ಇತ್ತೆಂಬುದು ನಮಗೆ ತಿಳಿದಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ಬೇಡಿಕೆ. ಆ ದಿನ ತಾವು ನಿದ್ದೆ ಮಾಡಕೂಡದು. ಮಾಡಲೇಬೇಕೆನಿಸಿದರೆ ಒಂದು ರಜಾ ಅರ್ಜಿ ಬರೆದು, ವೈದ್ಯರ ಸರ್ಟಿಫಿಕೇಟು ಲಗತ್ತಿಸಿ, ಬದಲಿಗೆ ಇನ್ನೊಬ್ಬ ಪ್ರೊಸೆಸರನ್ನು ಕೂರಿಸಿ ಹೋಗಬೇಕು. ನೆಟ್‌ವರ್ಕ್ ಕಾರ್ಡು 'ಯಾರಾದರೂ ಇದ್ದೀರಾ' ಎಂದು ಕೇಳಿದಾಗ ಆಕಳಿಸದೆ, ಬಾಯಿ ತುಂಬ 'ಇದ್ದೇವೆ' ಅನ್ನಬೇಕು. ಇದ್ದೇವೆ ಅಂತ ಹೇಳಿಸಿಕೊಳ್ಳುವುದಕ್ಕೇ ಅಲ್ಲವೇ ನಮ್ಮ ಜೀವಮಾನವೆಲ್ಲ ಸವೆದದ್ದು?

ತಾವು ಒಪ್ಪುತ್ತೀರೆಂಬ ಭ್ರಮೆ ನಮಗಿಲ್ಲ. ಮುದ್ದಮ್ಮನವರಿಗಂತೂ ಇಲ್ಲವೇ ಇಲ್ಲ. ಅವರಿಗೆ ತಮ್ಮ ರೋಗದ ವಿಷಯ ಪೂರ್ತಿ ವಿವರಿಸಿ, ಕೆಲಸವಿಲ್ಲದಿದ್ದರೆ ಮಾತ್ರ ಇದು ಮಲಗುವುದು ಎಂದು ಹೇಳಿದೆವು. ಎಲೆ ಅಡಿಕೆ ಅಗಿಯುತ್ತ ಹೇಳಿದರು: "ಅಂಗಾರೆ ನಾನು ಬಾಯಿ ಮುಚ್ಚದೇ ಇಲ್ಲ ಬುಡು. ಆ ಹಸ ಸತ್ತ ದಿನದಿಂದ ಸುರು ಮಾಡ್ತೀನಿ. ಅದು ಎಂಗ್ ನಿದ್ದೆ ಓಯ್ತದೋ ನಾನೂ ನೋಡ್ತೀನಿ."

ತಮ್ಮ ನಿದ್ದೆಯೊಂದರ ಮೇಲೆ ಮಾತ್ರ ಪೂರ್ಣ ವಿಶ್ವಾಸವಿಟ್ಟಿರುವ, ತಮ್ಮ ವಿಶ್ವಾಸಿ,
ಜವರಣ್ಣ
ತೊಗರಿಕಟ್ಟೆ ಕಾಲೋನಿ, ಹಳೇಬೀಡು–ಬಾಣಾವರ ರಸ್ತೆ

ಮರೆತ ಮಾತು: ಬೆರೆತ ಸಾಲಿನಲ್ಲಿ ನಿಲ್ಲಲು ಮನಸ್ಸಾಗದೆ ಚನ್ನಪ್ಪನವರ ಮನೆಯ ಕ್ಯಾನು ಈಗ ಎಲ್ಲರದ್ದೂ ಮುಗಿದು, ಸತೀಶ್ ಟೀ ಕುಡಿದು ಬಂದ ಮೇಲೆ, ಒಂಟಿಯಾಗಿ ಬರುತ್ತಿದೆ. ಆ ಹೊತ್ತಿನಲ್ಲಿ ತಮಗೇನಾದರೂ ಹಳೆಯ ತೂಕಡಿಕೆ ಬಂದರೆ ದಯವಿಟ್ಟು ಸಂಕೋಚ ಪಡಬೇಡಿ. ದೇಶದ ಕರೆಂಟು ಉಳಿಯಬೇಕಲ್ಲವೇ? ಅವರ ಹಾಲಿಗೆ ಹೆಪ್ಪು ಬೇಕಾದರೆ ನಮ್ಮ ಬೀದಿಯಿಂದ ಕಳಿಸಿಕೊಡುತ್ತೇವೆ.